ಕಾರ್ ಶೆಡ್ಡಿಗೆ ಬೇಕೆಂದಾಗ ಎತ್ತಬಹುದಾದ ನೆಲಹಾಸು: ಕೊಳ್ಳುವ ಮುಂಚೆ ನೆಲ ನೋಡಿ

"ಶೆಡ್ಡಿನ ಸಿಮೆಂಟ್ ನೆಲ ಪುಡಿ ಏಳ್ತಿದೆ, ಮೇಲೆ ಏನು ಹಾಸಲಿ?" "ಬಾಡಿಗೆ ಮನೆ, ಟೈಲ್ಸ್ ಕೂರಿಸೋ ಹಾಗಿಲ್ಲ. ಎತ್ತಿಕೊಂಡು ಹೋಗೋ ಥರದ್ದು ಯಾವುದಾದ್ರೂ ಇದೆಯಾ?" "ಹಸುವಿಗೆ ಹಾಸೋ ಕೌ ಮ್ಯಾಟ್ ಕಾರಿನ ಭಾರ ತಡೆಯುತ್ತಾ?" ದಾವಣಗೆರೆ, ಚಿತ್ರದುರ್ಗದ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳಿವು. ಉತ್ತರಕ್ಕೆ ಮುಂಚೆ ನಾವೂ ಒಂದು ಪ್ರಶ್ನೆ ಕೇಳಬೇಕು: ನಿಮ್ಮ ಶೆಡ್ಡಿನ ನೆಲ ಒಣ ನೆಲವೋ, ಒಳಗಿಂದ ತೇವ ಬಿಡುವ ನೆಲವೋ? ಬಣ್ಣ, ದಪ್ಪ ನೋಡಿ ಮೊದಲು ತಂದುಬಿಟ್ಟು ಆಮೇಲೆ ನೆಲ ನೋಡುವವರೇ ಜಾಸ್ತಿ. ದುಡ್ಡು ಹಾಳಾಗುವುದು ಅಲ್ಲೇ.

ಅಂಟಿಸದೆ ಸುಮ್ಮನೆ ಹಾಸುವ ಪದ್ಧತಿಗೆ ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಎರೆ ಭೂಮಿಯಲ್ಲಿ ಎದ್ದ ಬಡಾವಣೆಗಳಲ್ಲಿ ಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಮೇಲಿನ ಕಾಂಕ್ರೀಟ್ ಬೆಡ್ಡಿನ ಬಿರುಕು ಅದರ ಜೊತೆಗೇ ಬಾಯಿ ಬಿಡುತ್ತದೆ, ಮುಚ್ಚುತ್ತದೆ. ಇಂಥ ಕಡೆ ಸಿಮೆಂಟಿನಲ್ಲಿ ಕೂರಿಸಿದ ಪಾರ್ಕಿಂಗ್ ಟೈಲ್ಸ್ ಟೊಳ್ಳಾಗಿ ಏಳುತ್ತವೆ. ಎಪಾಕ್ಸಿ ಬಣ್ಣ ಬಿರುಕಿನ ಗೆರೆಯ ಉದ್ದಕ್ಕೂ ಸೀಳುತ್ತದೆ. ಸುಮ್ಮನೆ ಹಾಸಿದ್ದಕ್ಕೆ ಈ ತಾಪತ್ರಯ ಇಲ್ಲ, ಕೆಳಗಿನ ನೆಲ ಅಲುಗಿದರೆ ಅದು ತನ್ನ ಪಾಡಿಗೆ ಮೇಲೆ ಕೂತಿರುತ್ತದೆ.

ಕೆಲವರಿಗೆ ಇದು ಬೇಡವೇ ಬೇಡ. ಗದ್ದೆ ಉಳುವ ಕಬ್ಬಿಣದ ಕೇಜ್ ವೀಲ್ ಸಮೇತ ಟ್ರ್ಯಾಕ್ಟರ್ ನಿಲ್ಲಿಸುವ ಶೆಡ್ಡಿಗೆ ಯಾವ ಹಾಸೂ ತಡೆಯುವುದಿಲ್ಲ. ಹೊಸ ಕಾಂಕ್ರೀಟ್ ಹಾಕಿದ್ದರೆ ಕನಿಷ್ಠ 28 ದಿನ ಕಾಯಿರಿ.

ಹಂತ 1: ನೆಲದ ಪರೀಕ್ಷೆ

ಮೊದಲು ತೇವ. ಒಂದೂವರೆ ಅಡಿ ಚೌಕದ ದಪ್ಪ ಪಾಲಿಥೀನ್ ಹಾಳೆಯನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚಿಗೆ ಗಾಳಿ ಆಡದ ಹಾಗೆ ಟೇಪ್ ಹಚ್ಚಿ. 24 ಗಂಟೆ ಬಿಟ್ಟು ಎತ್ತಿ ನೋಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಸಿಮೆಂಟ್ ಕಪ್ಪಗೆ ತಿರುಗಿದ್ದರೆ ನೆಲ ಕೆಳಗಿಂದ ತೇವ ಎಳೆಯುತ್ತಿದೆ ಎಂದರ್ಥ. ಮೂರು ಜಾಗದಲ್ಲಿ ಮಾಡಿ: ಗೇಟಿನ ಹತ್ತಿರ, ನಡುವೆ, ಹಿಂದಿನ ಗೋಡೆಯ ಮೂಲೆಯಲ್ಲಿ. ಸಂಪು, ಬಚ್ಚಲು ಗೋಡೆಯ ಆಚೆಗಿದ್ದರೆ ಅಲ್ಲೂ ಒಂದು. ಏಪ್ರಿಲ್‌ನ ಬಿಸಿಲಲ್ಲಿ ಮಾಡಿದ ಪರೀಕ್ಷೆಯನ್ನು ನಂಬಬೇಡಿ. ಮಳೆಗಾಲದಲ್ಲಿ ಮಾಡಿ. ಭದ್ರಾ ನಾಲೆಯ ಅಚ್ಚುಕಟ್ಟಿಗೆ ತಾಗಿಕೊಂಡ ಮನೆಯಾದರೆ ನಾಲೆಗೆ ನೀರು ಬಿಟ್ಟ ಕಾಲದಲ್ಲಿ ಇನ್ನೊಮ್ಮೆ ಮಾಡಿ.

ಗೋಡೆಯ ಬುಡದಲ್ಲೋ ಬಿರುಕಿನ ಅಂಚಿನಲ್ಲೋ ಬಿಳಿ ಪುಡಿ ಹೂ ಬಿಟ್ಟ ಹಾಗೆ ಕಂಡರೆ ಪರೀಕ್ಷೆಯೇ ಬೇಕಿಲ್ಲ. ಅದು ತೇವದ ಜೊತೆ ಮೇಲೆ ಬಂದ ಉಪ್ಪು.

ಆಮೇಲೆ ಮಟ್ಟ. ಗಾರೆಯವರ ಹತ್ತಿರ ಇರುವ 6 ಅಡಿಯ ಅಲ್ಯೂಮಿನಿಯಂ ಪಟ್ಟಿ ತಂದು ನೆಲದ ಮೇಲೆ ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿ. ಪಟ್ಟಿಯ ಕೆಳಗೆ 5 ಮಿ.ಮೀ.ಗಿಂತ ಹೆಚ್ಚು ಸಂದು ಕಂಡ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ತಗ್ಗನ್ನು ತುಂಬಿಸದೆ ಹಾಸಿದರೆ ಮೆತ್ತನೆಯ ಟೈಲ್ ಬಟ್ಟಲಿನ ಹಾಗೆ ಕುಸಿಯುತ್ತದೆ, ಗಟ್ಟಿ ಟೈಲ್ ಟೈರಿನಡಿ ಚಟ್ಟೆಂದು ಒಡೆಯುತ್ತದೆ.

ಒಂದು ಕೊಡ ನೀರು ಹಿಂದಿನ ಗೋಡೆಯ ಕಡೆ ಸುರಿದು ಯಾವ ಕಡೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ ನೋಡಿ. ಅರ್ಧ ಗಂಟೆಯ ಮೇಲೂ ನಿಂತಿದ್ದರೆ ಆ ಜಾಗಕ್ಕೂ ಗುರುತು ಬೇಕು.

ಕೊನೆಗೆ ಗೇಟು. ಇದನ್ನು ಮರೆತವರೇ ಹೆಚ್ಚು. ಶೆಡ್ಡಿನ ನೆಲ ರಸ್ತೆ ಕಡೆಗೆ ಇಳಿಜಾರಾಗಿರುತ್ತದೆ, ಅಂದರೆ ಒಳಗೆ ಹೋದಂತೆ ಏರುತ್ತದೆ. ಗೇಟು ಒಳಕ್ಕೆ ತೆರೆಯುವುದಾದರೆ ಮುಚ್ಚಿದ್ದಾಗ ಅದರ ಕೆಳಗೆ 30 ಮಿ.ಮೀ. ಸಂದು ಇದ್ದರೂ ಪೂರ್ತಿ ತೆರೆದಾಗ 12 ಮಿ.ಮೀ. ಮಾತ್ರ ಉಳಿದಿರಬಹುದು. ಗೇಟು ಪೂರ್ತಿ ತೆರೆದು ಅಳೆಯಿರಿ. ಹಾಸಿನ ದಪ್ಪ ಆ ಅಳತೆಗಿಂತ ಕನಿಷ್ಠ 5 ಮಿ.ಮೀ. ಕಡಿಮೆ ಇರಬೇಕು. ರೋಲಿಂಗ್ ಶಟರ್ ಆದರೆ ಹಾಸನ್ನು ಶಟರಿನ ಒಳಗೇ ನಿಲ್ಲಿಸಿ. ಶಟರ್ ಹಾಸಿನ ಮೇಲೆ ಕೂತರೆ ಬೀಗದ ಪಟ್ಟಿ ಸರಿಯಾಗಿ ಬೀಳುವುದಿಲ್ಲ.

ಹಂತ 2: ಅದರ ಮೇಲೆ ಏನೇನು ನಿಲ್ಲುತ್ತದೆ?

ಕಾರಿನ ಭಾರಕ್ಕೆ ಎಲ್ಲರೂ ಹೆದರುತ್ತಾರೆ, ಆದರೆ ಕಾಟ ಕೊಡುವುದು ಬೈಕ್. ಕಾರಿನ ಟೈರ್ ನೆಲವನ್ನು ಒತ್ತುವ ಒತ್ತಡ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡದಷ್ಟೇ. 32 ಪಿಎಸ್ಐ ಗಾಳಿ ಎಂದರೆ ಚದರ ಸೆಂ.ಮೀ.ಗೆ ಸುಮಾರು 2.2 ಕೆ.ಜಿ. ಅದೇ ಬೈಕಿನ ಸೈಡ್ ಸ್ಟ್ಯಾಂಡಿನ ಪಾದ ಎರಡು ಬೆರಳಗಲ. ಅದರ ಮೇಲೆ 50 ಕೆ.ಜಿ. ಬಿದ್ದು, ಪಾದ 10 ಚದರ ಸೆಂ.ಮೀ. ಇದ್ದರೂ ಒತ್ತಡ 5 ಕೆ.ಜಿ. ಆಯಿತು. ಸೆಂಟರ್ ಸ್ಟ್ಯಾಂಡಿನ ತುದಿ ಇನ್ನೂ ಚೂಪು. ಸ್ಟ್ಯಾಂಡಿನಡಿಗೆ ಅಂಗೈ ಅಗಲದ, 12 ಮಿ.ಮೀ. ಪ್ಲೈವುಡ್ ತುಂಡು ಇಡುವ ಅಭ್ಯಾಸ ಮಾಡಿಕೊಂಡರೆ ಯಾವ ಹಾಸಾದರೂ ಉಳಿಯುತ್ತದೆ. ಜಾಕ್ ಹಾಕುವಾಗಲೂ ಹಾಗೇ, ಅಲ್ಲಿ 18 ಮಿ.ಮೀ. ಪ್ಲೈ ಇರಲಿ, ಒಂದಡಿ ಚೌಕ.

ಇನ್ವರ್ಟರ್ ಬ್ಯಾಟರಿ ಶೆಡ್ಡಿನಲ್ಲೇ ಇದೆಯಾ? ನೀರು ತುಂಬಿಸುವಾಗ ಆಸಿಡ್ ತುಳುಕುತ್ತದೆ. ಪ್ಲಾಸ್ಟಿಕ್ ಹಾಸುಗಳು ತಡೆದುಕೊಳ್ಳುತ್ತವೆ, ಆದರೆ ಜೋಡಣೆಯ ಸಂದಿನಿಂದ ಇಳಿದ ಆಸಿಡ್ ಕೆಳಗಿನ ಸಿಮೆಂಟನ್ನು ತಿನ್ನುತ್ತದೆ. ಬ್ಯಾಟರಿಯನ್ನು ಟ್ರೇ ಇರುವ ಟ್ರಾಲಿಯಲ್ಲಿಡಿ. ಚೆಲ್ಲಿದರೆ ಅಡುಗೆ ಸೋಡಾ ಉದುರಿಸಿ, ನೊರೆ ನಿಂತ ಮೇಲೆ ತೊಳೆಯಿರಿ. ಮೆಕ್ಕೆಜೋಳದ ಚೀಲ ಒಟ್ಟುವ ಮೂಲೆಗೆ ಹಾಸು ಬೇಡ, ಮರದ ಹಲಗೆಯೇ ಮೇಲು. ಅಡಿಯಿಂದ ಗಾಳಿ ಆಡಬೇಕು.

ಹಂತ 3: ಯಾವ ವಸ್ತು?

ತೇವ ಬಿಡುವ ನೆಲಕ್ಕೆ ರಂಧ್ರದ ಪಿಪಿ ಟೈಲ್ಸ್. ಪಿಪಿ ಎಂದರೆ ಪಾಲಿಪ್ರೊಪಿಲೀನ್, ಹಾಲಿನ ಕ್ರೇಟಿನ ಹಾಗೆ ಗಟ್ಟಿ ಪ್ಲಾಸ್ಟಿಕ್. ಜಾಳಿಗೆ ಥರ ತೂತು ಇರುತ್ತದೆ, ಅಡಿಗೆ ಸಣ್ಣ ಕಾಲುಗಳಿರುತ್ತವೆ. ನೀರು, ಮಣ್ಣು ಕೆಳಗಿಳಿಯುತ್ತದೆ, ಅಡಿಯಲ್ಲಿ ಗಾಳಿ ಓಡಾಡುತ್ತದೆ. ಒಂದಡಿ ಅಥವಾ 400 ಮಿ.ಮೀ. ಚೌಕದಲ್ಲಿ, 12ರಿಂದ 18 ಮಿ.ಮೀ. ದಪ್ಪದಲ್ಲಿ ಬರುತ್ತವೆ. ಪೆಟ್ರೋಲ್, ಆಯಿಲ್, ಟೈರಿನ ಕಲೆ ಯಾವುದಕ್ಕೂ ಜಗ್ಗುವುದಿಲ್ಲ. ಕೊರತೆ ಎರಡು: ನಡೆದರೆ ಟಕಟಕ ಸದ್ದು, ಮತ್ತು ಬಿಸಿಲು. ಪಡುವಣ ದಿಕ್ಕಿಗೆ ತೆರೆದ ಪೋರ್ಟಿಕೊ ಆದರೆ ಬಿಸಿಲು ತಡೆಯುವ ಮಿಶ್ರಣ, ಅಂಗಡಿಯವರ ಮಾತಿನಲ್ಲಿ ಯುವಿ ಗ್ರೇಡ್, ಇರುವುದನ್ನೇ ಕೇಳಿ. ಇಲ್ಲದಿದ್ದರೆ ಬಣ್ಣ ಮಾಸಿ, ಮುಟ್ಟಿದರೆ ಪುಡಿ ಅಂಟುತ್ತದೆ, ಆಮೇಲೆ ಕೊಕ್ಕೆಗಳು ಮುರಿಯುತ್ತವೆ. ಒಳಗಿನಿಂದ ಪಕ್ಕೆಲುಬಿನಂತೆ ಪಟ್ಟಿ ಒತ್ತಾಗಿರುವುದನ್ನು ಆರಿಸಿ. ಬಚ್ಚಲಿಗೆ, ಬಾಲ್ಕನಿಗೆ ಮಾರುವ ತೆಳು ಜಾಳಿಗೆ ಕಾರಿಗೆ ಅಲ್ಲ.

ಒಣ ನೆಲಕ್ಕೆ ತೂತಿಲ್ಲದ, ಬಗ್ಗುವ ಪಿವಿಸಿ ಟೈಲ್ಸ್. 500 ಮಿ.ಮೀ. ಚೌಕ, ಅಂಚಿನಲ್ಲಿ ಒಂದಕ್ಕೊಂದು ಕಚ್ಚಿಕೊಳ್ಳುವ ಹಲ್ಲು. ಕಾರಿಗೆ 7 ಮಿ.ಮೀ. ಇರಲಿ, ಬೈಕಿಗಷ್ಟೇ ಆದರೆ 5 ಮಿ.ಮೀ. ಸಾಕು. ಕಾಲಿಗೆ ಹಿತ, ಸದ್ದಿಲ್ಲ, ಕೆಲಸ ಮಾಡುವಾಗ ಬಿದ್ದ ನಟ್ಟು ಕಳೆದುಹೋಗುವುದಿಲ್ಲ. ಇದರ ಗುಣ ಅಂಗಡಿಯಲ್ಲೇ ತಿಳಿಯುತ್ತದೆ. ಮೂಲೆಯನ್ನು ಪೂರ್ತಿ ಮಡಚಿ ಒತ್ತಿ. ಮಡಿಕೆಯ ಗೆರೆ ಬೆಳ್ಳಗೆ ತಿರುಗಿದರೆ ಸುಣ್ಣದ ಪುಡಿ ಜಾಸ್ತಿ ಬೆರೆಸಿದ್ದಾರೆ, ಹಲ್ಲುಗಳು ಬೇಗ ಕಿತ್ತು ಬರುತ್ತವೆ. ತಿರುಗಿಸಿ ನೋಡಿ, ಅಡಿ ಟೊಳ್ಳೋ ಗಟ್ಟಿಯೋ. 7 ಮಿ.ಮೀ. ಪೂರ್ತಿ ಗಟ್ಟಿ ಟೈಲ್ ಒಂದಕ್ಕೆ ಎರಡೂಕಾಲರಿಂದ ಎರಡೂವರೆ ಕೆ.ಜಿ. ತೂಗಬೇಕು. ತೂಕ ಸರಿಯಿದ್ದ ಮಾತ್ರಕ್ಕೆ ಒಪ್ಪಬೇಡಿ, ಸುಣ್ಣದ ಪುಡಿಯೂ ತೂಗುತ್ತದೆ. ಮಡಚಿಯೂ ನೋಡಬೇಕು.

ಪಿವಿಸಿಯ ದೊಡ್ಡ ದೋಷ ಟೈರಿನ ಕಲೆ. ಟೈರ್ ಬಿಸಿಲು ಗಾಳಿಗೆ ಸೀಳದಿರಲೆಂದು ರಬ್ಬರಿಗೆ ಬೆರೆಸುವ ರಾಸಾಯನಿಕ, ಕಾರ್ ನಿಂತಲ್ಲೇ ನಿಂತಾಗ ನಿಧಾನವಾಗಿ ಪಿವಿಸಿಯೊಳಗೆ ಇಳಿಯುತ್ತದೆ. ಕಂದು ಬಣ್ಣದ ಚೌಕ ಮೂಡುತ್ತದೆ. ಮೇಲೆ ಕೂತ ಕೊಳೆಯಲ್ಲವಾದ್ದರಿಂದ ಯಾವ ಸೋಪಿಗೂ ಹೋಗುವುದಿಲ್ಲ. ಬೂದು, ಬಿಳಿ, ಕೆನೆ ಬಣ್ಣ ಬೇಡ, ಟೈರ್ ನಿಲ್ಲುವ ಸಾಲಿಗಾದರೂ ಕಪ್ಪು ಇರಲಿ.

ರಬ್ಬರ್ ಹಾಸು, ಅಂದರೆ ಕಾಸಿನಂಥ ಉಬ್ಬು ಇರುವ 5-6 ಮಿ.ಮೀ. ರೋಲ್, ಒಣ ನೆಲಕ್ಕೆ ಆಗುತ್ತದೆ. ಆದರೆ ಭಾರ: 4 ಅಡಿ ಅಗಲ, 10 ಮೀಟರ್ ಉದ್ದದ 5 ಮಿ.ಮೀ. ರೋಲ್ 70-80 ಕೆ.ಜಿ. ತೂಗುತ್ತದೆ. ಎತ್ತಿ ತೊಳೆಯಬೇಕೆಂದರೆ ಇಬ್ಬರು ಬೇಕು, ಕೊನೆಗೆ ಯಾರೂ ಎತ್ತುವುದಿಲ್ಲ. ಪೆಟ್ರೋಲ್, ಡೀಸೆಲ್ ಬಿದ್ದಲ್ಲಿ ಸಾಮಾನ್ಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ತಿಳಿ ಬಣ್ಣದ ಟೈಲ್ಸ್ ಅಥವಾ ಮಾರ್ಬಲ್ ಮೇಲೆ ಹಾಸಿದರೆ ಹಾಸೇ ನೆಲಕ್ಕೆ ಕಲೆ ಮಾಡುತ್ತದೆ.

ಕೌ ಮ್ಯಾಟ್ ಬಗ್ಗೆ: ಪೂರ್ತಿ ರಬ್ಬರಿನದಾದರೆ ಕಾರಿನ ಭಾರಕ್ಕೆ ತೊಂದರೆಯಿಲ್ಲ, ಬೈಕ್ ನಿಲ್ಲಿಸುವ ಜಾಗಕ್ಕಂತೂ ಚೆನ್ನ. ಆದರೆ ಹೆಬ್ಬೆರಳು ದಪ್ಪ ಇರುತ್ತದೆ, ಗೇಟಿನ ಲೆಕ್ಕ ನೋಡಿಕೊಳ್ಳಿ. ಈವಿಎ ಎಂಬ ಫೋಮ್ ಜಾತಿಯ ಕೌ ಮ್ಯಾಟೂ ಬರುತ್ತದೆ, ಕೈಗೆ ಹಗುರ. ಅದು ಟೈರಿನಡಿ ಒಮ್ಮೆ ತಗ್ಗಾದರೆ ಮತ್ತೆ ಏಳುವುದಿಲ್ಲ. ಮಕ್ಕಳ ಆಟದ, ಜಿಮ್ಮಿನ ಬಣ್ಣದ ಫೋಮ್ ಮ್ಯಾಟಿಗೂ ಇದೇ ಮಾತು.

ಗಣಿ ಕಡೆಯಿಂದ ಗುಜರಿಗೆ ಬರುವ ಹಳೆ ಕನ್ವೇಯರ್ ಬೆಲ್ಟ್ ಚಿತ್ರದುರ್ಗದ ಕಡೆಯವರಿಗೆ ಗೊತ್ತು. ಒಳಗೆ ಬಟ್ಟೆಯ ಪದರ ಇರುವ ಬೆಲ್ಟ್ ಆದರೆ ಅದರಷ್ಟು ಬಾಳಿಕೆ ಬೇರೆ ಯಾವುದಕ್ಕೂ ಇಲ್ಲ. ಉಕ್ಕಿನ ತಂತಿಯ ಬೆಲ್ಟ್ ಬೇಡ, ಕತ್ತರಿಸಿದ ಅಂಚಿನಿಂದ ತಂತಿ ಹೊರಬಂದು ಟೈರಿಗೆ ಚುಚ್ಚುತ್ತದೆ. ಸುರುಳಿ ಬಿಚ್ಚಿ, ತಲೆಕೆಳಗಾಗಿ ಹಾಸಿ, ಬಿಸಿಲಲ್ಲಿ ನಾಲ್ಕಾರು ದಿನ ಕಲ್ಲು ಹೇರಿಟ್ಟರೆ ಅಂಚು ಮೇಲೇಳುವುದು ನಿಲ್ಲುತ್ತದೆ. ಕೆಂಪು ಅದಿರಿನ ಧೂಳು ಪೂರ್ತಿ ಹೋಗುವವರೆಗೆ ತೊಳೆಯಿರಿ, ಇಲ್ಲದಿದ್ದರೆ ಅದು ಚಪ್ಪಲಿಯ ಜೊತೆ ನಡುಮನೆಗೆ ಬರುತ್ತದೆ.

ಹಂತ 4: ಲೆಕ್ಕ

10 ಅಡಿ ಅಗಲ, 18 ಅಡಿ ಉದ್ದದ ಶೆಡ್ ಎಂದುಕೊಳ್ಳಿ. ಮಿಲಿಮೀಟರಿನಲ್ಲಿ 3050 ಮತ್ತು 5490. 500 ಮಿ.ಮೀ. ಟೈಲ್ ಅಗಲಕ್ಕೆ 6 ಬಿದ್ದರೆ 3000, ಎರಡೂ ಬದಿಗೆ 25 ಮಿ.ಮೀ. ಉಳಿಯಿತು, ಕತ್ತರಿಸುವ ಕೆಲಸವೇ ಇಲ್ಲ. ಉದ್ದಕ್ಕೆ 10 ಪೂರ್ತಿ, 11ನೇದು ಕತ್ತರಿಸಿದ್ದು. ಒಟ್ಟು 66, ಜೊತೆಗೆ 4 ಬಿಡಿ ಟೈಲ್ ಸೇರಿ 70. ಬಿಡಿ ಟೈಲ್ ಈಗಲೇ ತನ್ನಿ. ಎರಡು ವರ್ಷದ ಮೇಲೆ ಹೋದರೆ ಅದೇ ಬಣ್ಣ, ಅದೇ ಹಲ್ಲು ಸಿಗುವುದು ಅನುಮಾನ. ಲೆಕ್ಕಕ್ಕೆ ಡಬ್ಬದ ಮೇಲಿನ ಅಳತೆ ಹಿಡಿಯಬೇಡಿ. ನಾಲ್ಕು ಟೈಲ್ ಕಚ್ಚಿಸಿ, ಒಟ್ಟು ಅಳೆದು, ನಾಲ್ಕರಿಂದ ಭಾಗಿಸಿ. ಬೆಲೆ ಕೇಳುವಾಗ ಒಂದಕ್ಕೋ ಚದರಡಿಗೋ ಸ್ಪಷ್ಟ ಮಾಡಿಕೊಳ್ಳಿ. 500 ಮಿ.ಮೀ. ಟೈಲ್ ಒಂದು 2.7 ಚದರಡಿ.

ಇಡೀ ನೆಲಕ್ಕೆ ಹಾಸಲೇಬೇಕೆಂಬ ಹಟ ಬೇಡ. ನಮ್ಮನ್ನು ಕೇಳಿದರೆ ಹೆಚ್ಚಿನ ಮನೆಗಳಿಗೆ ಟೈರ್ ಓಡಾಡುವ ಎರಡು ಪಟ್ಟಿ ಸಾಕು. 4 ಮೀಟರ್ ಒಳಗಿನ ಕಾರಿನಲ್ಲಿ ಎಡ-ಬಲ ಟೈರಿನ ನಡುಮಧ್ಯದ ಅಂತರ ಸುಮಾರು 5 ಅಡಿ. 2 ಅಡಿ ಅಗಲದ ಎರಡು ಪಟ್ಟಿ, ನಡುವೆ 3 ಅಡಿ ಖಾಲಿ. 14 ಅಡಿ ಉದ್ದಕ್ಕೆ ಒಂದಡಿ ಪಿಪಿ ಟೈಲ್ ಪಟ್ಟಿಗೆ 28ರಂತೆ 56. ಹಗುರ ಪಟ್ಟಿ ಸ್ಟೀರಿಂಗ್ ತಿರುಗಿಸಿದಾಗ ಸರಿದು ಹೋಗದಿರಲೆಂದು ಮುಂದೊಂದು, ಹಿಂದೊಂದು ಅಡ್ಡ ಸಾಲನ್ನು ಏಣಿಯ ಮೆಟ್ಟಿಲಿನ ಹಾಗೆ ಜೋಡಿಸಿ, ಅದಕ್ಕೆ 6. ಒಟ್ಟು 62. ಇಡೀ ಶೆಡ್ಡಿಗಾದರೆ 180 ಬೇಕಿತ್ತು.

ಹಂತ 5: ನಾಲ್ಕು ತಂದು ನೋಡಿ

ಪೂರ್ತಿ ಆರ್ಡರ್ ಕೊಡುವ ಮುಂಚೆ ನಾಲ್ಕು ಟೈಲ್ ತಂದು ಮುಂದಿನ ಒಂದು ಟೈರ್ ನಿಲ್ಲುವಲ್ಲಿ ಕಚ್ಚಿಸಿ ಹಾಸಿ. ಊರಾಚೆ ಹೆದ್ದಾರಿಯಲ್ಲಿ ಓಡಿಸಿಕೊಂಡು ಬಂದ ಬಿಸಿ ಟೈರಿನಲ್ಲೇ ನಿಲ್ಲಿಸಿ. ಕಾರ್ ನಿಂತಲ್ಲೇ ಸ್ಟೀರಿಂಗನ್ನು ಒಮ್ಮೆ ಪೂರ್ತಿ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ. ಹಲ್ಲು ಬಿಚ್ಚಿಕೊಂಡರೆ ಆ ಮಾಲು ಬೇಡ. ಹದಿನೈದು ದಿನ ಬಿಟ್ಟು ಕಲೆ, ತಗ್ಗು ನೋಡಿ. ಸ್ಪೀಡಾಗಿ ಮಾರಬೇಕೆನ್ನುವವರು ಇಷ್ಟು ದಿನ ಯಾಕೆ ಸಾರ್ ಅನ್ನುತ್ತಾರೆ. ಕಾಯಿರಿ.

ಹಂತ 6: ನೆಲ ಸಿದ್ಧ ಮಾಡುವುದು

ಬಿಳಿ ಉಪ್ಪನ್ನು ಒಣ ಬ್ರಷ್ಷಿನಿಂದ ಉಜ್ಜಿ ಗುಡಿಸಿ. ನೀರು ಹಾಕಿದರೆ ಕರಗಿ ಮತ್ತೆ ಒಳಗೇ ಇಳಿಯುತ್ತದೆ. ಆಯಿಲ್ ಕಲೆಯ ಮೇಲೆ ಸಾಮಿಲ್ಲಿನ ಮರದ ಹೊಟ್ಟು ಸುರಿದು ಒಂದು ರಾತ್ರಿ ಬಿಟ್ಟು ಗುಡಿಸಿ, ಆಮೇಲೆ ಸೋಪಿನ ಪುಡಿ ಹಾಕಿ ಗಟ್ಟಿ ಬ್ರಷ್ಷಿನಿಂದ ತಿಕ್ಕಿ. ಬಾತ್‌ರೂಮ್ ಆಸಿಡ್ ಸುರಿಯಬೇಡಿ, ಪುಡಿ ಏಳುವ ಸಿಮೆಂಟ್ ಇನ್ನಷ್ಟು ಸಡಿಲಾಗುತ್ತದೆ. ತಗ್ಗುಗಳಿಗೆ ರಿಪೇರಿ ಗಾರೆ ತುಂಬಿಸಿ, ಪೂರ್ತಿ ಒಣಗಲು ಬಿಡಿ.

ತೇವ ತಡೆಯಲೆಂದು ಕೆಳಗೆ ಟಾರ್ಪಾಲ್ ಹಾಸುವವರಿದ್ದಾರೆ. ತೇವ ನಿಲ್ಲುವುದಿಲ್ಲ, ಟಾರ್ಪಾಲಿನ ಕೆಳಗೆ ಸೇರಿ ನಾರುತ್ತದೆ, ಮೇಲಿನ ಹಾಸು ಜಾರುತ್ತದೆ.

ಹಂತ 7: ಹಾಸುವುದು

ಬೇಕಾದದ್ದು: ಅಳತೆ ಟೇಪ್, ದಾರ, ಸೀಮೆಸುಣ್ಣ, ರಬ್ಬರ್ ಸುತ್ತಿಗೆ, ದಪ್ಪ ಕಟ್ಟರ್, ಉಕ್ಕಿನ ಸ್ಕೇಲು. ಪಿಪಿಗೆ ಹ್ಯಾಕ್ಸಾ ಬ್ಲೇಡ್.

ಟೈಲ್ಸನ್ನು ಹಿಂದಿನ ದಿನವೇ ಶೆಡ್ಡಿನಲ್ಲಿ ಹರಡಿಡಿ. ನೆಲದ ಬಿಸಿಗೆ ಹೊಂದಿಕೊಳ್ಳಲಿ.

ಗೇಟಿನ ಕಡೆಯಿಂದ ಶುರು ಮಾಡಿ. ಕಾರ್ ಹತ್ತುವ ಅಂಚಿಗೆ ಪೂರ್ತಿ ಟೈಲ್ ಬರಬೇಕು, ಕತ್ತರಿಸಿದ್ದು ಹಿಂದಿನ ಗೋಡೆಗೆ ಹೋಗಲಿ. ಗೋಡೆಗಳನ್ನು ನಂಬಿ ಸಾಲು ಹಿಡಿಯಬೇಡಿ. ನಡುವೆ ದಾರ ಕಟ್ಟಿ, ಮೂಲೆಯನ್ನು 3-4-5 ಅಡಿ ಲೆಕ್ಕದಲ್ಲಿ ಸರಿಮಾಡಿ: ಒಂದು ಬದಿ 3, ಇನ್ನೊಂದು 4, ಓರೆ 5 ಬಂದರೆ ಮೂಲೆ ನೇರ. ಎಲ್ಲ ಟೈಲ್‌ಗಳ ಕೊಕ್ಕೆ ಒಂದೇ ದಿಕ್ಕಿಗಿರಲಿ. ಒಂದು ಉಲ್ಟಾ ಬಿದ್ದರೂ ಮುಂದಿನ ಸಾಲು ಕೂರುವುದಿಲ್ಲ.

ಗೋಡೆಗೆ, ಕಂಬಕ್ಕೆ ಸುತ್ತ ಕನಿಷ್ಠ 8-10 ಮಿ.ಮೀ. ಸಂದು ಬಿಡಿ. ಜನವರಿಯ ಬೆಳಗಿನ ಚಳಿಗೂ ಏಪ್ರಿಲ್ ಮಧ್ಯಾಹ್ನದ ನೆಲಕ್ಕೂ 30 ಡಿಗ್ರಿ ವ್ಯತ್ಯಾಸ ಆದರೆ 5.5 ಮೀಟರ್ ಉದ್ದದ ಹಾಸು ಸುಮಾರು 15 ಮಿ.ಮೀ. ಹಿಗ್ಗುತ್ತದೆ. ಜಾಗ ಇಲ್ಲದಿದ್ದರೆ ನಡುವೆ ಹಪ್ಪಳದ ಹಾಗೆ ಉಬ್ಬುತ್ತದೆ. ಸಂದು ಬಿಟ್ಟೂ ಉಬ್ಬಿದರೆ ಎರಡೂ ತುದಿಗೆ ಭಾರದ ಬೀರು, ಬ್ಯಾಟರಿ ಟ್ರಾಲಿ ಕೂತಿದೆಯೇ ನೋಡಿ. ಒಂದು ಕಡೆಯಾದರೂ ಹಾಸು ಸರಿಯಲು ಬಿಡಬೇಕು.

ಪಿವಿಸಿ ಕತ್ತರಿಸುವಾಗ ಒಂದೇ ಏಟಿಗೆ ಒತ್ತಬೇಡಿ. ಸ್ಕೇಲು ಹಿಡಿದು ಎರಡು ಮೂರು ಸಲ ಎಳೆದು, ಬಗ್ಗಿಸಿ, ಉಳಿದದ್ದನ್ನು ಹಿಂದಿನಿಂದ ಕೊಯ್ಯಿರಿ. ರಬ್ಬರಿಗೆ ಬ್ಲೇಡನ್ನು ಸೋಪಿನ ನೀರಿಗೆ ಅದ್ದಿಕೊಂಡರೆ ಕಚ್ಚುವುದಿಲ್ಲ. ಗೇಟಿನ ಅಂಚಿಗೆ ಇಳಿಜಾರಿನ ಅಂಚುಪಟ್ಟಿ ಸೇರಿಸಿ. ಅದಿಲ್ಲದಿದ್ದರೆ ಮೊದಲ ಸಾಲಿನ ಹಲ್ಲೇ ಮೊದಲು ಹೋಗುತ್ತದೆ. ಎರಡೂ ಬದಿ ಅಂಟುವ ಟೇಪ್ ಹಾಕಬಹುದಾ ಎಂದು ಕೇಳುವವರಿಗೆ: ಬೇಡ. ಬಿಸಿಗೆ ಅಂಟು ಕರಗಿ ನೆಲದಲ್ಲೇ ಉಳಿಯುತ್ತದೆ, ಬಾಡಿಗೆ ಮನೆಯಾದರೆ ಓನರ್ ಜೊತೆ ಜಗಳ.

ಹಾಸಿದ ಮೇಲೆ

ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿ ಒರೆಸಬೇಡಿ. ಪಿವಿಸಿಯನ್ನು ಮೆತ್ತಗಿಡುವ ಎಣ್ಣೆಯ ಅಂಶ ಹೊರಟು, ಟೈಲ್ ಗಡಸಾಗಿ ಸೀಳುತ್ತದೆ. ಸೋಪಿನ ನೀರು ಸಾಕು.

ಆಯುಧ ಪೂಜೆಗೆ ಹೇಗೂ ಶೆಡ್ ತೊಳೆಯುತ್ತೀರಿ, ಅಂದು ಹಾಸನ್ನೂ ಪೂರ್ತಿ ಎತ್ತಿ. ಮುಂಗಾರಿಗೆ ಮುಂಚೆ ಇನ್ನೊಮ್ಮೆ. ಪೂಜೆಯ ಅರಿಸಿನ ಪಿವಿಸಿಗೆ ಬಿದ್ದರೆ ಹಳದಿ ಹಾಗೇ ಉಳಿಯುತ್ತದೆ, ಕರ್ಪೂರ ಹಚ್ಚಿಟ್ಟರೆ ತೂತೇ ಬೀಳುತ್ತದೆ. ತಟ್ಟೆಯಲ್ಲಿ ಹಚ್ಚಿ, ಕುಂಬಳಕಾಯಿಯನ್ನು ಗೇಟಿನಾಚೆ ಒಡೆಯಿರಿ.

ಜಾಳಿಗೆ ಟೈಲ್ ಕೆಳಗೆ ನೀರು ವಾರದ ಮೇಲೆ ನಿಂತರೆ ಡೆಂಗಿ ಸೊಳ್ಳೆಗೆ ಅದೇ ತೊಟ್ಟಿಲು, ಗುರುತು ಹಾಕಿದ ತಗ್ಗಿನ ಕಡೆ ಮಳೆಗಾಲದಲ್ಲಿ ಆಗಾಗ ಒಂದೆರಡು ಟೈಲ್ ಎತ್ತಿ ನೋಡಿ. ಎತ್ತುವಾಗ ಬರಿಗೈ ಹಾಕಬೇಡಿ. ಕಲ್ಲುಗುಡ್ಡದ ಸೀಮೆ, ಒಣಗಾಲದಲ್ಲಿ ಚೇಳು ತಂಪು ಹುಡುಕಿಕೊಂಡು ಬರುವುದು ಇಂಥ ಜಾಗಕ್ಕೇ. ಅಂಚನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ, ಒಮ್ಮೆ ನೆಲಕ್ಕೆ ಬಡಿದು, ಆಮೇಲೆ ಕೈ ಹಾಕಿ.

ಮನೆ ಬದಲಿಸುವಾಗ ಕತ್ತರಿಸಿದ ಟೈಲ್‌ಗಳ ಬೆನ್ನಿಗೆ ಮಾರ್ಕರಿನಲ್ಲಿ ನಂಬರ್ ಬರೆದು, ಹತ್ತು ಹತ್ತರಂತೆ ಮಲಗಿಸಿ ಕಟ್ಟಿ. ಗೋಡೆಗೆ ಓರೆಯಾಗಿ ನಿಲ್ಲಿಸಿಟ್ಟ ಪಿವಿಸಿ ಬೇಸಿಗೆಯಲ್ಲಿ ಬಿಲ್ಲಿನಂತೆ ಬಾಗುತ್ತದೆ.